ಕಾಳಕ್ಕನ ಬೇಲಿ ಪಕ್ಕದ ಚೆಂಡುಹೂ

ಒಂದು ಕಾಡಿನಲ್ಲಿ, ಹೊಳೆ ತಿರುಗುವ ಕಡೆ, ಒಂದೇ ಬೇಲಿಯ ಆಚೆಗೊಂದು ಈಚೆಗೊಂದು ತೋಟವಿತ್ತು. ಈಚೆಯದು ಕಾಳಕ್ಕ ಎಂಬ ಮುಳ್ಳುಹಂದಿಯದು. ಆಚೆಯದು ದೇವೀರಿ ಎಂಬ ಮೊಲದ್ದು.

ಕಾಳಕ್ಕ ಬೆಳೆಯುತ್ತಿದ್ದುದು ಟೊಮೇಟೊ ಒಂದನ್ನೇ. ಬೇಲಿಯಿಂದ ಬೇಲಿಯವರೆಗೂ ಟೊಮೇಟೊ. ಹಣ್ಣು ಅಂದರೆ ಹಣ್ಣು. ದುಂಡಗೆ, ಕೆಂಪಗೆ, ಕಚ್ಚಿದರೆ ರಸ ಮೊಣಕೈವರೆಗೆ ಇಳಿಯಬೇಕು. "ಏಳು ಕಾಡು ಸುತ್ತಿದರೂ ಇಂಥ ಹಣ್ಣು ಸಿಗದು" ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅವಳು ಒಂದು ಕಾಡನ್ನೂ ಪೂರ್ತಿ ಸುತ್ತಿರಲಿಲ್ಲ, ಆ ಮಾತು ಬೇರೆ.

ದೇವೀರಿಯ ತೋಟದಲ್ಲಿ ಇಲ್ಲದ್ದೇ ಇಲ್ಲ. ಬದನೆ, ಬೆಂಡೆ, ದಂಟು, ಅವರೆ, ಚಪ್ಪರದ ಮೇಲೆ ಹೀರೆ, ಮೂಲೆಯಲ್ಲಿ ನಾಲ್ಕು ಸಾಲು ಟೊಮೇಟೊ, ನಡುನಡುವೆ ಕನಕಾಂಬರ, ಸೇವಂತಿಗೆ. ಗಂಡ ಪಾತಿ ಮಾಡುತ್ತಿದ್ದ. ಅತ್ತೆ ಹೂ ಕಟ್ಟುತ್ತಿದ್ದಳು. ಆರು ಮಕ್ಕಳು ಸೊಪ್ಪನ್ನು ಬಾಳೆನಾರಿನಲ್ಲಿ ಕಂತೆ ಕಟ್ಟುತ್ತಿದ್ದರು. ಕಟ್ಟಿದಷ್ಟೇ ತಿನ್ನುತ್ತಲೂ ಇದ್ದರು.

ಮಂಗಳವಾರ ಆಲದ ಮರದಡಿ ಸಂತೆ. ಬುಡದ ತಂಪು ಜಾಗ ದೇವೀರಿಯದು. ಕಾಳಕ್ಕನಿಗೆ ಬಿಸಿಲಿನ ಕೊನೆ. ಹೂವಿಗೆಂದು ಬಂದವರು ದೇವೀರಿಯ ಹತ್ತಿರ ಬದನೆಯನ್ನೂ ಕೊಳ್ಳುತ್ತಿದ್ದರು. ಬದನೆಗೆಂದು ಬಂದವರು ಹೂ ಮುಡಿದು ಹೋಗುತ್ತಿದ್ದರು.

"ದೇವೀರಿ, ಹೂವಿನ ಮೊಳ ನಿನ್ನ ಕೈಯಲ್ಲಿ ಹಾಕ್ತೀಯೋ, ನನ್ನ ಕೈಯಲ್ಲೋ?" ಎಂದು ಅಡುಗೆಯ ಕರಡಿ ಕೇಳುತ್ತಿದ್ದ.

"ನಿನ್ನ ಕೈಯಲ್ಲಿ ಹಾಕಿದ್ರೆ ಒಂದು ಮೊಳಕ್ಕೇ ನನ್ನ ತೋಟ ಖಾಲಿ, ಕರಡಿಯಣ್ಣ!"

ಎಲ್ಲರೂ ನಗುತ್ತಿದ್ದರು. ಒಂದೊಂದು ನಗುವಿಗೂ ಕಾಳಕ್ಕನ ಬೆನ್ನಿನ ಮೇಲೆ ಒಂದೊಂದು ಮುಳ್ಳು ನೆಟ್ಟಗಾಗುತ್ತಿತ್ತು.

ಎಲ್ಲಕ್ಕಿಂತ ಅವಳ ಕಣ್ಣು ಕುಕ್ಕುತ್ತಿದ್ದುದು ಬೇಲಿಯ ಆಚೆ ಪಕ್ಕದಲ್ಲಿದ್ದ ಚೆಂಡುಹೂವಿನ ಸಾಲು. ಬೇರೆ ಹೂವನ್ನೆಲ್ಲ ಸಂತೆಗೆ ಒಯ್ಯುವ ದೇವೀರಿ ಈ ಸಾಲಿನಿಂದ ಒಂದು ಹೂವನ್ನೂ ಮಾರುತ್ತಿರಲಿಲ್ಲ. ಗಿಡದಲ್ಲೇ ಅರಳಿ ಗಿಡದಲ್ಲೇ ಒಣಗುತ್ತಿದ್ದವು. ದಿನಾ ಬೆಳಿಗ್ಗೆ ಅವಳು ಬಂದು ಬಗ್ಗಿ, ಒಂದೊಂದು ಹೂವಿನ ಎಸಳನ್ನೂ ಸರಿಸಿ ನೋಡಿ ಹೋಗುತ್ತಿದ್ದಳು.

'ಎಷ್ಟು ಕೊಬ್ಬು ನೋಡು!' ಎಂದುಕೊಳ್ಳುತ್ತಿದ್ದಳು ಕಾಳಕ್ಕ. 'ಮಾರಿ ಮಿಕ್ಕಷ್ಟಿದೆ ಅಂತ ನನಗೆ ತೋರಿಸೋಕೆ ಬೇಲಿಗೇ ತಂದು ನೆಟ್ಟಿದ್ದಾಳೆ. ಮೇಲೆ ದಿನಾ ಬಂದು ಎಣಿಸ್ತಾಳೆ!'

ಒಮ್ಮೆ ದೇವೀರಿ ಬೇಲಿಯ ಹತ್ತಿರ ಬಂದು, "ಅಕ್ಕಾ, ಈ ಹೂವಿನ ವಿಷಯ ಹೇಳೋಣ ಅಂತ..." ಎಂದಳು.

"ನೋಡ್ತಾನೇ ಇದೀನಲ್ಲ, ಹೇಳೋದೇನಿದೆ?" ಎಂದು ಕಾಳಕ್ಕ ಮೈಮೇಲಿನ ಮುಳ್ಳನ್ನೆಲ್ಲ ಕೆದರಿದಳು. ದೇವೀರಿ ಎರಡು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ದಿನ ಬಂದಾಗಲೂ ಹಾಗೇ ಆಯಿತು.

ಅಷ್ಟರಲ್ಲಿ ಕಾಡೆಮ್ಮೆಗಳ ಯಜಮಾನ ಕಾಟಿಗೌಡನ ಮಗಳಿಗೆ ಮದುವೆ ಗೊತ್ತಾಯಿತು. ಗೌಡ ತಾನೇ ಕಾಳಕ್ಕನ ತೋಟಕ್ಕೆ ಬಂದ.

"ಮದುವೆ ಸಾರಿಗೆ ನಿನ್ನ ಟೊಮೇಟೊನೇ ಆಗಬೇಕು, ಕಾಳಕ್ಕ. ಇನ್ನೊಂದು ತಿಂಗಳಿದೆ. ಊಟ ಮಾಡಿದವರು ಮೆಚ್ಚಿದರೆ, ಸಂತೆಯಲ್ಲಿ ಆಲದ ಬುಡದ ಜಾಗ ನಿನಗೇ."

ಕಾಳಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಗೌಡ ಹೊರಟವನು ಬೇಲಿಯ ಹತ್ತಿರ ನಿಂತುಬಿಟ್ಟ.

"ಆಹಾ! ಏನು ಚೆಂಡುಹೂ ಇದು! ದಿಬ್ಬಣ ಈ ದಾರಿಯಲ್ಲೇ ಬರುತ್ತೆ. ಎಲ್ಲರ ಕಣ್ಣೂ ಇದರ ಮೇಲೇ ಇರುತ್ತೆ ಬಿಡು."

ಆ ಹಾಲು ಅಲ್ಲೇ ಒಡೆದುಹೋಯಿತು. ಟೊಮೇಟೊ ತನ್ನದು, ಮೆಚ್ಚುಗೆ ಅವಳಿಗೆ! ಕಾಳಕ್ಕನಿಗೆ ಅನ್ನ ಸೇರಲಿಲ್ಲ.

ಮಂಗಳವಾರ ತಲೆನೋವೆಂದು ಅವಳು ಸಂತೆಗೆ ಹೋಗಲಿಲ್ಲ. ದೇವೀರಿಯ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೋದದ್ದನ್ನು ನೋಡಿದಳು. ತಲೆನೋವು ಹೋಯಿತು. ನೇರ ಅತ್ತಿಮರಕ್ಕೆ ನಡೆದು ಕೋತಿಗಳನ್ನು ಕೂಗಿದಳು.

"ಏನ್ರಪ್ಪಾ, ಮದುವೆಗೆ ಹಾರ ಬೇಡವಾ? ಬೇಲಿ ಪಕ್ಕದ ಚೆಂಡುಹೂ ಯಾರು ಬೇಕಾದರೂ ಕೀಳಬಹುದಂತೆ. ದೇವೀರಿನೇ ಹೇಳಿದಳು."

"ಬಿಟ್ಟಿನಾ?" ಎಂದ ಕೆಂಪ ಎಂಬ ಕೋತಿ.

"ಬಿಟ್ಟಿ. ಬೇರುಸಹಿತ ಕಿತ್ತರೂ ಬೇಜಾರಿಲ್ಲವಂತೆ."

ಕೋತಿಗಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬರೀ ಮಣ್ಣಿತ್ತು.

ಸಂತೆಯಿಂದ ಬಂದ ದೇವೀರಿ ಆ ಮಣ್ಣಿನ ಮುಂದೆ ತುಂಬ ಹೊತ್ತು ನಿಂತಳು. ಕಾಳಕ್ಕ ಪೊದೆಯ ಮರೆಯಿಂದ ನೋಡಿದಳು. ಅಳುತ್ತಾಳೆಂದು ಕಾದಳು. ದೇವೀರಿ ಅಳಲಿಲ್ಲ. ಬೇಲಿಯ ಮೇಲಿಂದ ಕಾಳಕ್ಕನ ಗಿಡಗಳ ಕಡೆ ನೋಡಿ, "ಅಕ್ಕಾ, ಇನ್ನುಮೇಲೆ ನಿನ್ನ ಗಿಡಗಳನ್ನ ಹುಷಾರಾಗಿ ನೋಡಿಕೋ" ಎಂದಳು.

'ಓಹೋ, ನನ್ನನ್ನೇ ಹೆದರಿಸ್ತಾಳೆ!' ಎಂದುಕೊಂಡ ಕಾಳಕ್ಕ, ಅಂದು ಎರಡು ತುತ್ತು ಹೆಚ್ಚೇ ಉಂಡಳು.

ಮಾರನೆಯ ಸಂಜೆಯಿಂದ ಬೂದುಬಣ್ಣದ ಪತಂಗಗಳು ಬಂದವು. ಬೇಲಿಯ ಪಕ್ಕ ಹಾರಿ ಹುಡುಕಿದವು. ಚೆಂಡುಹೂ ಕಾಣದೆ ಟೊಮೇಟೊ ಗಿಡಗಳ ಮೇಲೆ ಕೂತವು. ಕಾಳಕ್ಕ ಅತ್ತ ನೋಡಲೇ ಇಲ್ಲ. ದಿಬ್ಬಣದವರು ತನ್ನನ್ನು ಹೊಗಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು.

ಮದುವೆಯ ಹಿಂದಿನ ದಿನ ಹಣ್ಣು ಬಿಡಿಸಲು ಹೋದರೆ, ತೊಟ್ಟಿನ ಹತ್ತಿರ ಸಣ್ಣ ತೂತು. ಪಕ್ಕದ ಹಣ್ಣಿನಲ್ಲೂ ತೂತು. ಆಚೆ ಸಾಲಿನಲ್ಲೂ. ಕಾಳಕ್ಕ ಲೆಕ್ಕ ಹಾಕಿದಳು. ಗೌಡನಿಗೆ ಹೇಳಿದರೆ ಆಲದ ಬುಡ ಹೋಯಿತು! ತೂತನ್ನೆಲ್ಲ ಕೆಳಗೆ ಮಾಡಿ ಹಣ್ಣು ಜೋಡಿಸಿದಳು. ಮೇಲಿನಿಂದ ಬುಟ್ಟಿ ಥಳಥಳ ಹೊಳೆಯಿತು.

ಮದುವೆಯ ಬೆಳಿಗ್ಗೆ, ನೆಂಟರೆಲ್ಲ ಸೇರಿದ್ದಾಗ, ಕರಡಿ ಮೊದಲ ಹಣ್ಣು ಹೆಚ್ಚಿದ. ದಪ್ಪ ಹಸಿರು ಹುಳವೊಂದು ತಲೆ ಎತ್ತಿತು.

"ಇದ್ಯಾರು ನೆಂಟರು, ಕಾಳಕ್ಕ? ನಿನ್ನ ಕಡೆಯವರಾ, ಗಂಡಿನ ಕಡೆಯವರಾ?" ಎಂದ ಕರಡಿ.

ಎರಡನೆಯದರಲ್ಲೂ ಹುಳ. ಇಡೀ ಬುಟ್ಟಿಯಲ್ಲಿ ಹುಳ. ಕಾಟಿಗೌಡ ಮೂಗಿನಿಂದ ಒಮ್ಮೆ ಉಸಿರು ಬಿಟ್ಟ, ಅಷ್ಟೆ. ಕಾಳಕ್ಕನಿಗೆ ಅಷ್ಟೇ ಸಾಕಾಯಿತು.

ಕೆಂಪ ಕೋತಿ ಒಣಗಿದ ಹಾರ ಹಾಕಿಕೊಂಡು ಅಲ್ಲಿಗೇ ಬರಬೇಕೆ? "ಕಾಳಕ್ಕಾ, ಬಿಟ್ಟಿ ಹೂ ಇನ್ನೆಲ್ಲಾದರೂ ಇದ್ದರೆ ಹೇಳು! ಆವತ್ತು ನೀನು ಹೇಳಿದ್ದು ಚೆನ್ನಾಗಿತ್ತು!"

ಎಲ್ಲರೂ ಕಾಳಕ್ಕನ ಕಡೆ ತಿರುಗಿದರು. ಇಷ್ಟು ದಿನ ಅವಳು ಬಯಸಿದ್ದೂ ಅದನ್ನೇ.

ದೇವೀರಿ ಮಾತ್ರ ಕರಡಿಯ ಕಡೆ ತಿರುಗಿದಳು. "ಕರಡಿಯಣ್ಣ, ನನ್ನ ಟೊಮೇಟೊ ಕೂಡ ಹುಳದ ಪಾಲಾಯಿತು. ದಂಟಿದೆ, ಅವರೆ ಇದೆ, ಬದನೆ ಇದೆ. ಹುಣಸೆ ಹಿಂಡಿ ಸಾರು ಮಾಡು." ನೆಂಟರು ಮೂರು ಸಲ ಬಡಿಸಿಕೊಂಡು ಉಂಡರು.

ಊಟವಾದ ಮೇಲೆ ಮದುವೆಮನೆಯ ಹಿತ್ತಲಲ್ಲಿ ಒಂಟಿಯಾಗಿ ಕೂತಿದ್ದ ಕಾಳಕ್ಕನ ಹತ್ತಿರ ದೇವೀರಿ ಬಂದಳು.

"ಬೈಯೋದಿದ್ದರೆ ಬೈದುಬಿಡೆ" ಎಂದಳು ಕಾಳಕ್ಕ.

"ಆ ಪತಂಗಕ್ಕೆ ಟೊಮೇಟೊಗಿಂತ ಚೆಂಡುಹೂ ಇಷ್ಟ, ಅಕ್ಕ. ಅದರಲ್ಲೇ ಮೊಟ್ಟೆ ಇಡುತ್ತೆ. ದಿನಾ ಬೆಳಿಗ್ಗೆ ನಾನು ಹುಳ ಆರಿಸಿ ತೆಗೀತಿದ್ದೆ. ನನ್ನ ನಾಲ್ಕು ಸಾಲಿಗೆ ನಾಲ್ಕು ಗಿಡ ಸಾಕಿತ್ತು. ನಿನ್ನದು ಟೊಮೇಟೊ ಒಂದೇ ಬೆಳೆ, ಹೋದರೆ ಪೂರ್ತಿ ಹೋಗುತ್ತೆ ಅಂತ ಬೇಲಿಯುದ್ದಕ್ಕೂ ಹಾಕಿದ್ದೆ."

ಕಾಳಕ್ಕ ಅವಳತ್ತ ತಿರುಗಿದಳು. "ಮತ್ತೆ ಹೇಳಬಾರದಿತ್ತಾ?"

"ಎರಡು ಸಲ ಬಂದೆ. ನಿನ್ನ ಮುಳ್ಳು ನೋಡಿ ವಾಪಸ್ ಹೋದೆ."

ದೇವೀರಿ ಮೊದಲೇ ಎತ್ತಿಟ್ಟಿದ್ದ ಒಂದು ಹಿಡಿ ಒಣಗಿದ ಚೆಂಡುಹೂವನ್ನು ಮಡಿಲಿನಿಂದ ತೆಗೆದು ಅವಳ ಮುಂದಿಟ್ಟಳು. "ಬೀಜ. ಈ ಸಲ ನಿನ್ನ ಕಡೆನೂ ಒಂದು ಸಾಲು ಹಾಕು."

ಕಾಳಕ್ಕ ಹಾಕಿದಳು. ಜೊತೆಗೆ ದಂಟನ್ನೂ ಅವರೆಯನ್ನೂ ಬಿತ್ತಿದಳು. ಆಲದ ಬುಡ ಸಿಗಲಿಲ್ಲ. ಸಂತೆಯಲ್ಲಿ ಈಗಲೂ ಅವಳದು ಬಿಸಿಲಿನ ಕೊನೆಯೇ. ಆದರೆ ಮುಂದಿನ ಬೆಳೆಯ ಟೊಮೇಟೊದಲ್ಲಿ ತೂತಿರಲಿಲ್ಲ. ದಿನಾ ಬೆಳಿಗ್ಗೆ ಬೇಲಿಯ ಈಚೆ ಅವಳು, ಆಚೆ ದೇವೀರಿ, ಬಗ್ಗಿ ಹುಳ ಆರಿಸುತ್ತಾರೆ. ಆಚೆಯ ಸಾಲಿನಲ್ಲಿ ಹೂ ಹೆಚ್ಚಿದೆಯೇನೋ ಎಂದು ಕಾಳಕ್ಕ ಇಂದಿಗೂ ಓರೆಗಣ್ಣಲ್ಲಿ ಎಣಿಸುತ್ತಾಳೆ. ಮುಳ್ಳನ್ನು ಮಾತ್ರ ಎತ್ತುವುದಿಲ್ಲ.

ನೀತಿ: ನೆರೆಯವರ ಏಳಿಗೆ ಕಂಡು ಹೊಟ್ಟೆಕಿಚ್ಚು ಪಡುವವರು, ತಮ್ಮನ್ನು ಕಾಯುತ್ತಿರುವುದನ್ನೇ ತಮ್ಮ ಕೈಯಾರೆ ಕಿತ್ತುಹಾಕುತ್ತಾರೆ.