ಆರು ಮೂಗುಗಳ ರಜೆ

೧೯೯೮ರ ಮಾರ್ಚ್ ಒಂಬತ್ತು, ಸೋಮವಾರ. ಬೆಳಗಿನಿಂದ ಮೋಡ, ಕಡಲ ಗಾಳಿ ನಿಂತಿತ್ತು.

ವಾಮನ ಕುಂದರ್ ಅವರ ಮೀನುಹುಡಿ ಕಾರ್ಖಾನೆಯ ನಾತಕ್ಕೆ ಪಕ್ಕದ ಶಾಲೆಯ ಮಕ್ಕಳು ಮಧ್ಯಾಹ್ನ ಬುತ್ತಿಯನ್ನೇ ಬಿಚ್ಚುತ್ತಿರಲಿಲ್ಲ. ಆರು ಮಂದಿಯಿಂದ ಮೂಸಿಸಿ ವರದಿ ಬರೆದು ತಾ ಎಂದು ಪಂಚಾಯಿತಿ ತನ್ನ ಗುಮಾಸ್ತನನ್ನು ಕಳಿಸಿತು.

ಕುಂದರ್ ತಮ್ಮ ಆರು ಕೆಲಸಗಾರರನ್ನೇ ಸಾಲಾಗಿ ನಿಲ್ಲಿಸಿದ್ದರು. "ಇವರೂ ಊರಿನವರೇ. ಕೇಳಿ, ಬರೆದುಕೊಳ್ಳಿ, ಹೊರಡಿ."

ನಾತವೇ ಇಲ್ಲ ಎಂದರು ಆರೂ ಮಂದಿ. ಸುಳ್ಳೇನೂ ಅಲ್ಲ. ಹತ್ತು ವರ್ಷದಿಂದ ಅದರೊಳಗೇ ಇದ್ದವರು.

ಗುಮಾಸ್ತ ಪೆನ್ನು ಮುಚ್ಚಿದ. "ಇವರೇ ಆಗಲಿ ಧಣಿಗಳೇ. ಆದರೆ ದಣಿದ ಮೂಗಿನ ಮಾತನ್ನು ಮೇಲಿನವರು ಒಪ್ಪುವುದಿಲ್ಲ. ಹದಿನೈದು ದಿನ ಸಂಬಳ ಕೊಟ್ಟು ದೂರದ ನೆಂಟರ ಮನೆಗೆ ಕಳಿಸಿ. ಆಮೇಲೆ ಇವರು ಹೇಳಿದ್ದೇ ಕೊನೆ."

"ಅಷ್ಟೇ ತಾನೆ ಮಾರಾಯ್ರೇ?" ಕುಂದರ್ ನಗುತ್ತಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಹದಿನಾರನೆಯ ದಿನ ಆರೂ ಮಂದಿ ಬಸ್ಸಿನಿಂದ ಇಳಿದರು. ನಾತದ ಸುದ್ದಿ ಎತ್ತಬಾರದೆಂದು ಧಣಿ ಮೊದಲೇ ಹೇಳಿ ಕಳಿಸಿದ್ದರು. ಅವರು ಎತ್ತಲಿಲ್ಲ. ಗೇಟು ದಾಟುತ್ತಲೇ ಹೆಗಲ ಮೇಲಿದ್ದ ಆರು ಬೈರಾಸುಗಳೂ ಮೂಗಿಗೆ ಏರಿದವು. ಗುಮಾಸ್ತ ಅಷ್ಟನ್ನೇ ಬರೆದುಕೊಂಡ.

"ಏನೋ ಇದು ಬಾಬು?" ಕುಂದರ್ ಗದರಿದರು. "ಹತ್ತು ವರ್ಷ ಇಲ್ಲೇ ಕೂತು ಉಂಡವನಲ್ಲವಾ ನೀನು?"

ಹಿರಿಯ ಬಾಬು ಬೈರಾಸಿನೊಳಗಿಂದಲೇ ಹೇಳಿದ, "ಹೌದು ಧಣಿ. ಅದು ಹೇಗೆ ಉಂಡೆ ಅಂತಲೇ ಯೋಚಿಸ್ತಿದ್ದೇನೆ."

ಕುಂದರ್ ಕೊನೆಗೆ ತೆತ್ತದ್ದು ಏನೆಂದರೆ, ಒಂದು ಎತ್ತರದ ಹೊಗೆಗೂಡು, ನಾತ ತೊಳೆಯುವ ಒಂದು ಯಂತ್ರ, ಮತ್ತು ಅದು ಬೇಕೆಂದು ಸಾಬೀತು ಮಾಡಿದ ಆರು ಮೂಗುಗಳಿಗೆ ಹದಿನೈದು ದಿನದ ಸಂಬಳ.