ಕಂಡಿ ಬಿಟ್ಟ ಪೊಟ್ಟಣ

ದೊಡ್ಡಹಳ್ಳದ ಕಾಡಿನಲ್ಲಿ ಒಂದು ಮುದಿ ತಾರೆಮರವಿತ್ತು. ಅದರ ಪೊಟರೆಯಲ್ಲಿ ಕೊಂಬಯ್ಯ ಎಂಬ ಮಂಗಟ್ಟೆ ಹಕ್ಕಿ ತನ್ನ ಹೆಂಡತಿ ಸಣ್ಣಮ್ಮನ ಜೊತೆ ಸಂಸಾರ ಹೂಡಿದ್ದ.

ಮಂಗಟ್ಟೆಗಳ ಪದ್ಧತಿ ನಿಮಗೆ ಗೊತ್ತೇ ಮಕ್ಕಳೇ? ಮೊಟ್ಟೆಯಿಡುವ ಕಾಲ ಬಂತೆಂದರೆ ಹೆಣ್ಣು ಪೊಟರೆಯೊಳಗೆ ಹೋಗಿ ಕೂತುಬಿಡುತ್ತದೆ. ಪೊಟರೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಕೊಕ್ಕು ಹಿಡಿಸುವಷ್ಟು ಒಂದು ಕಂಡಿ ಮಾತ್ರ ಬಿಡುತ್ತವೆ. ಗಂಡು ಹಣ್ಣು ತಂದು ಆ ಕಂಡಿಯಲ್ಲಿ ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ.

ಆ ವರ್ಷವೂ ಸಣ್ಣಮ್ಮ ಒಳಗೆ ಕೂತಳು. ಕೊಂಬಯ್ಯ ಹಣ್ಣು ತಂದು ಮರವನ್ನು ಟಕ್ ಟಕ್ ಎಂದು ಕುಟ್ಟಿದರೆ ಕಂಡಿಯಿಂದ ಅವಳ ಕೊಕ್ಕಿನ ತುದಿ ಹೊರಗೆ ಬರುತ್ತಿತ್ತು. ಕತ್ತಲಲ್ಲಿ ಒಬ್ಬಳೇ ಕೂತವಳಿಗೆ ಸಿಗುತ್ತಿದ್ದ ಜೊತೆ ಅದೊಂದೇ.

ಅಷ್ಟರಲ್ಲಿ ಆನೆರಾಜನ ಉಗ್ರಾಣಕ್ಕೆ ಹಣ್ಣು ಸರಬರಾಜು ಮಾಡಲು ಟೆಂಡರು ಕರೆದರು. ಹಣ್ಣಿನ ಮಾದರಿಯನ್ನು ತೇಗದ ಎಲೆಯಲ್ಲಿ ಕಟ್ಟಿ, ಮಣ್ಣಿನ ಮೊಹರು ಹಾಕಿ ಒಪ್ಪಿಸಬೇಕು. ಆಯ್ಕೆಯಾದವರಿಗೆ ಅರಮನೆಯ ಅಂಗಳದ ಅತ್ತಿಮರ ಸಿಗುತ್ತದೆ.

"ಆ ಮರ ಸಿಕ್ಕಿದರೆ ನಿನಗೆ ಹಣ್ಣಿನ ಚಿಂತೆಯೇ ಇರಲ್ಲ ಸಣ್ಣಮ್ಮ," ಎಂದ ಕೊಂಬಯ್ಯ.

"ನಮಗೆ ಈ ಗುಡ್ಡದ ಆಲದ ಹಣ್ಣು ಸಾಕಲ್ವೇನ್ರೀ?" ಎಂದಿತು ಕಂಡಿಯೊಳಗಿನ ದನಿ.

"ನೀನು ಸುಮ್ಮನಿರು. ಅರಮನೆಗೆ ಹಣ್ಣು ಕೊಡೋ ಕೊಂಬಯ್ಯ ಅಂತ ನಾಳೆ ಕಾಡೆಲ್ಲ ಹೇಳುತ್ತೆ."

ಒಳ್ಳೊಳ್ಳೆ ಹಣ್ಣನ್ನೇ ಆರಿಸಿ ಅವನು ಪೊಟ್ಟಣ ಕಟ್ಟಿದ. ಮಣ್ಣು ಮೆತ್ತುವುದರಲ್ಲಿ ಅವನ ಕೈ, ಅಲ್ಲ ಅವನ ಕೊಕ್ಕು, ಪಳಗಿದ್ದು. ಸೊಗಸಾಗಿ ಮೊಹರು ಹಾಕಿದ. ಹಾಕುವಾಗ ರೂಢಿಯಂತೆ ಒಂದು ಕಂಡಿ ಬಿಟ್ಟ.

ಪೊಟ್ಟಣ ಬಿಚ್ಚುವ ದಿನ ಉಗ್ರಾಣದ ಅಧಿಕಾರಿ ಮುಳ್ಳುಹಂದಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕೆ ತಳ್ಳಿತು. "ಇದು ತಿರಸ್ಕೃತ. ಮೊಹರು ಪೂರ್ತಿಯಾಗಿಲ್ಲ, ಕಂಡಿ ಇದೆ. ಯಾರು ಬೇಕಾದರೂ ಇಣುಕಿ ನೋಡಬಹುದು."

"ಕಂಡಿ ಬಿಡದೆ ಮುಚ್ಚೋದುಂಟಾ ಸಾಹೇಬರೇ? ಒಳಗಿರೋರ ಗತಿ ಏನು?" ಎಂದು ಕೇಳಿದ ಕೊಂಬಯ್ಯ.

"ಒಳಗಿರೋದು ಅತ್ತಿಹಣ್ಣು ಕಣಯ್ಯ," ಎಂದಿತು ಮುಳ್ಳುಹಂದಿ.

ಸೇರಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೆಂಡರು ಬಾವಲಿಗಳ ಪಾಲಾಯಿತು. ಅತ್ತಿಮರ ಹೋದದ್ದಕ್ಕಿಂತ ಆ ನಗುವೇ ಕೊಂಬಯ್ಯನನ್ನು ಹೆಚ್ಚು ಚುಚ್ಚಿತು.

"ಹೋಗ್ಲಿ ಬಿಡಿ. ನಮ್ಮ ಆಲದ ಮರ ಎಲ್ಲೂ ಹೋಗಿಲ್ಲವಲ್ಲ," ಎಂದಳು ಸಣ್ಣಮ್ಮ.

"ಬಿಡೋ ಮಾತೇ ಇಲ್ಲ. ಅಜ್ಜಂದಿರ ಕಾಲದ ಪದ್ಧತಿ ನೋಡಿ ನಕ್ಕರು ಅವರು. ನಂದೇ ಸರಿ ಅಂತ ಅವರ ಬಾಯಲ್ಲೇ ಹೇಳಿಸ್ತೀನಿ."

ಹಟಕ್ಕೆ ಬಿದ್ದ ಕೊಂಬಯ್ಯ ಮೇಲ್ಮನವಿ ಹಾಕಿದ. ಅದನ್ನು ಕೇಳಬೇಕಾದವರು ಕೊಳದ ದಂಡೆಯ ಆಮೆರಾಯರು. ಅವರು ಕತ್ತು ಹೊರಗೆ ಹಾಕಿ ಒಂದೆರಡು ಮಾತು ಕೇಳುವರು, "ಮುಂದೂಡಲಾಗಿದೆ" ಎಂದು ಕತ್ತು ಒಳಗೆ ಎಳೆದುಕೊಳ್ಳುವರು. ಮತ್ತೆ ಯಾವಾಗ ಕತ್ತು ಹೊರಗೆ ಬಂದೀತೆಂದು ಯಾರಿಗೂ ಗೊತ್ತಿಲ್ಲ. ಬಂದಾಗ ಎದುರಿಗಿಲ್ಲದವನ ಮನವಿ ಅಲ್ಲಿಗೆ ವಜಾ.

ಹಾಗಾಗಿ ಕೊಂಬಯ್ಯ ದಂಡೆ ಬಿಟ್ಟು ಕದಲುವಂತಿರಲಿಲ್ಲ. ತಾರೆಮರದ ಪಕ್ಕದ ಮರದ ಕೆಂದಳಿಲು ಕೆಂಚಕ್ಕ ನೀರು ಕುಡಿಯಲು ಬಂದಾಗ, "ಇವತ್ತೊಂದು ದಿನ ಸಣ್ಣಮ್ಮನಿಗೆ ಹಣ್ಣು ಕೊಟ್ಟುಬಿಡಕ್ಕ," ಎಂದ. ಮರುದಿನವೂ ಅದನ್ನೇ ಹೇಳಿದ. ಆಮೇಲೆ ಹೇಳುವುದನ್ನೂ ಬಿಟ್ಟ.

ಮೊದಮೊದಲು ದಂಡೆಯ ಹಕ್ಕಿಗಳು ಅವನ ಮಾತು ಕೇಳಿ ಪಾಪ ಎನ್ನುತ್ತಿದ್ದವು. ಬರಬರುತ್ತಾ ಅವನು "ಕಂಡಿ" ಎಂದು ಬಾಯಿ ತೆರೆದರೆ ಸಾಕು, ಒಂದೊಂದಾಗಿ ಜಾಗ ಖಾಲಿ ಮಾಡತೊಡಗಿದವು. ಅವನಂತೆಯೇ ಟೆಂಡರು ಸಿಗದ ಮುಸುವ, ಕರಡಿ ಎಲ್ಲರೂ ತಮ್ಮ ಪಾಡಿಗೆ ಮನೆಗೆ ಹೋಗಿದ್ದರು. ಒಣಗಿದ ಪೊಟ್ಟಣವನ್ನು ಕಾಲಡಿಯಲ್ಲಿ ಇಟ್ಟುಕೊಂಡು ಕೊಂಬಯ್ಯ ಒಬ್ಬನೇ ಕೂತಿರುತ್ತಿದ್ದ. ಬೇರೆ ಮಂಗಟ್ಟೆಗಳು ಕೊಕ್ಕಿನಲ್ಲಿ ಹಣ್ಣು ಹಿಡಿದು ತಲೆಯ ಮೇಲೆ ಹಾರಿಹೋಗುತ್ತಿದ್ದವು. ಆಗ ಅವನು ತಲೆ ತಗ್ಗಿಸಿ ಪೊಟ್ಟಣವನ್ನು ನೋಡುತ್ತಿದ್ದ.

ಒಂದು ದಿನ ಕೆಂಚಕ್ಕ ಹುಡುಕಿಕೊಂಡು ಬಂದಳು. "ಮೊಟ್ಟೆ ಒಡೆದು ಮರಿ ಬಂದಿದೆ ಕಣಣ್ಣ. ಒಂದು ಸಲ ಬಂದು ನೋಡು. ಸಣ್ಣಮ್ಮನಿಗೆ ಹೊಟ್ಟೆಗಿಲ್ಲ ಅಂತಲ್ಲ, ನಾನು ಕೊಡ್ತಿದ್ದೀನಿ. ಆದರೆ ಯಾವ ಹೊತ್ತಿಗೆ ನೋಡಿದರೂ ಕಂಡಿಗೆ ಕೊಕ್ಕು ಇಟ್ಟುಕೊಂಡೇ ಇರ್ತಾಳೆ."

ಕೊಂಬಯ್ಯನ ರೆಕ್ಕೆ ಅರ್ಧ ಬಿಚ್ಚಿತು. ಅಷ್ಟರಲ್ಲಿ ಆಮೆರಾಯರ ಚಿಪ್ಪು ಅಲುಗಾಡಿದಂತೆ ಕಂಡಿತು. "ಇವತ್ತು ನಾಳೆ ತೀರ್ಪು ಬಂದುಬಿಡುತ್ತೆ ಕೆಂಚಕ್ಕ. ಗೆದ್ದುಕೊಂಡೇ ಬರ್ತೀನಿ ಅಂತ ಹೇಳು," ಎಂದು ರೆಕ್ಕೆ ಮಡಚಿದ.

ತೀರ್ಪು ಬಂದದ್ದು ಕಾಡಿನ ಅತ್ತಿ, ಆಲದ ಹಣ್ಣೆಲ್ಲ ಮುಗಿದ ಮೇಲೆ. ಆಮೆರಾಯರು ಪೊಟ್ಟಣವನ್ನು ಮುಂದಿಟ್ಟುಕೊಂಡು ಮುಳ್ಳುಹಂದಿಗೆ, "ಇಣುಕಿ ನೋಡಪ್ಪ," ಎಂದರು. ಮುಳ್ಳುಹಂದಿ ಒಂದು ಕಣ್ಣಿಟ್ಟು ನೋಡಿತು, ಇನ್ನೊಂದು ಕಣ್ಣಿಟ್ಟು ನೋಡಿತು. ಒಳಗೆಲ್ಲ ಬರೀ ಕತ್ತಲೆ. ಅದರ ಪಂಜವೂ ಒಳಗೆ ಹೋಗಲಿಲ್ಲ.

"ಈ ಕಂಡಿಯಲ್ಲಿ ಮಂಗಟ್ಟೆಯ ಕೊಕ್ಕಿನ ತುದಿ ಬಿಟ್ಟರೆ ಬೇರೇನೂ ತೂರದು," ಎಂದರು ಆಮೆರಾಯರು. "ತಿರಸ್ಕರಿಸಿದ್ದು ತಪ್ಪು. ಕೊಂಬಯ್ಯನದೇ ಸರಿ. ಈ ವರ್ಷದ ಹಣ್ಣು ಮುಗಿದಿದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿಕೊಳ್ಳಲಿ." ಅದನ್ನೇ ಒಂದು ಒಣಗಿದ ಎಲೆಯ ಮೇಲೆ ಗೀಚಿಕೊಟ್ಟು ಕತ್ತು ಒಳಗೆ ಎಳೆದುಕೊಂಡರು.

ಕೊಂಬಯ್ಯ ತಲೆಯೆತ್ತಿ ಸುತ್ತ ನೋಡಿದ. ಮುಳ್ಳುಹಂದಿ ಬಿಟ್ಟರೆ ಅಂದು ನಕ್ಕವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಸಣ್ಣಮ್ಮನಿಗಾದರೂ ಹೇಳೋಣವೆಂದು ತೀರ್ಪಿನ ಎಲೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿದ.

ತಾರೆಮರಕ್ಕೆ ಬಂದು ಟಕ್ ಟಕ್ ಎಂದು ಕುಟ್ಟಿದ. ಕೊಕ್ಕು ಹೊರಗೆ ಬರಲಿಲ್ಲ. ಮತ್ತೆ ಕುಟ್ಟಿದ. ಆಮೇಲೆ ನೋಡಿದರೆ ಮಣ್ಣಿನ ಗೋಡೆ ಒಡೆದು ಬುಡದಲ್ಲಿ ಚೂರುಚೂರಾಗಿ ಬಿದ್ದಿದೆ. ಒಳಗೆ ಯಾರೂ ಇಲ್ಲ.

ಆಚೆ ಕೊಂಬೆಯಲ್ಲಿ ಬಡಕಲಾದ ಸಣ್ಣಮ್ಮ ಕೂತಿದ್ದಳು. ಪಕ್ಕದಲ್ಲಿ ಆಗಷ್ಟೇ ರೆಕ್ಕೆ ಬಲಿತ ಮರಿ. ಕೊಂಬಯ್ಯ ಹಾರಿ ಹೋಗಿ ಎಲೆಯನ್ನು ಮುಂದೆ ಹಿಡಿದ. ತಿನ್ನುವುದೇನೋ ಬಂತೆಂದು ಮರಿ ಬಾಯಿ ತೆರೆಯಿತು. ಒಣಗಿದ ಎಲೆ ಕಂಡು ಬಾಯಿ ಮುಚ್ಚಿಕೊಂಡು, ಎಲ್ಲಿಂದಲೋ ನೇರಳೆ ಹಣ್ಣು ಹಿಡಿದು ಬರುತ್ತಿದ್ದ ಕೆಂಚಕ್ಕನ ಕಡೆಗೆ ಸರಿಯಿತು.

"ಅಮ್ಮ, ಯಾರಿದು?" ಎಂದು ಸಣ್ಣಮ್ಮನನ್ನು ಕೇಳಿತು.

ಕೊಂಬಯ್ಯನ ಕೊಕ್ಕಿನಿಂದ ಎಲೆ ಜಾರಿ ಕೆಳಗೆ ಬಿತ್ತು.

"ಗೆದ್ದೆ ಸಣ್ಣಮ್ಮ," ಎಂದ ಮೆಲ್ಲಗೆ.

ಸಣ್ಣಮ್ಮ ಬೈಯಲಿಲ್ಲ. ಬೈದಿದ್ದರೇ ಅವನಿಗೆ ಹಗುರವಾಗುತ್ತಿತ್ತು. "ಒಳ್ಳೇದಾಯ್ತು ಬಿಡಿ," ಎಂದಳು. "ಸ್ವಲ್ಪ ಆ ಕೊಂಬೆಗೆ ಹೋಗಿ ಕೂತ್ಕೊಳ್ಳಿ. ಮರಿಗೆ ನಿಮ್ಮ ಗುರುತಿಲ್ಲ, ಹೆದರಿಕೊಳ್ಳುತ್ತೆ."

ಕೊಂಬಯ್ಯ ದೂರದ ಕೊಂಬೆಗೆ ಹೋಗಿ ಕೂತ. ಅವರು ಮೂವರೂ ಹಣ್ಣು ಹಂಚಿಕೊಂಡು ತಿನ್ನುವುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

ನೀತಿ: ನಮ್ಮದೇ ಸರಿ ಎಂದು ಸಾಧಿಸುವ ಹಟದಲ್ಲಿ ನಮ್ಮನ್ನೇ ನಂಬಿ ಕಾದವರನ್ನು ಮರೆತರೆ, ಗೆದ್ದ ದಿನ ನಾವು ಒಂಟಿಯಾಗಿರುತ್ತೇವೆ.