ದೊರೆ ತಂದ ಟೆಲಿಪಥಿ

ಹುಲಿಗೊಂದಿ ಸಂಸ್ಥಾನದ ದೊರೆ ವೀರಮಲ್ಲ ನಾಯಕರು ಮದರಾಸಿಗೆ ಹೋದವರು ಎರಡು ವಸ್ತು ತಂದರು. ಒಂದು ರೇಷ್ಮೆ ಛತ್ರಿ, ಇನ್ನೊಂದು ಇಂಗ್ಲಿಷ್ ಪದ. ಛತ್ರಿಯಿಂದ ಯಾರಿಗೂ ತೊಂದರೆಯಾಗಲಿಲ್ಲ.

"ಇದಕ್ಕೆ ಟೆಲಿಪಥಿ ಅನ್ನುತ್ತಾರೆ," ಎಂದು ದೊರೆ ಆಸ್ಥಾನದಲ್ಲಿ ಮೀಸೆ ತಿರುವಿದರು. "ಇನ್ನು ನಾವು ಬಾಯಿಬಿಟ್ಟು ಅಪ್ಪಣೆ ಕೊಡುವುದಿಲ್ಲ, ಮನಸ್ಸಿನಲ್ಲೇ ಕಳಿಸುತ್ತೇವೆ. ತಲುಪದಿದ್ದರೆ ತಪ್ಪು ಪಡೆಯುವವನದು. ಅಂಥವನಿಗೆ ಅರಮನೆಯಲ್ಲಿ ಜಾಗವಿಲ್ಲ."

ಮೊದಲು ಸಿಕ್ಕಿಬಿದ್ದವರು ಅಡುಗೆಯ ಶೇಷಭಟ್ಟರು. ದೊರೆ ಬೆಳಗಿನಿಂದ ಹೋಳಿಗೆಯನ್ನೇ ಧ್ಯಾನಿಸುತ್ತಿದ್ದರೆ ಎಲೆಗೆ ಬಿದ್ದದ್ದು ಹಾಗಲಕಾಯಿ ಗೊಜ್ಜು. "ಹೋಳಿಗೆ ಮಾಡಿಟ್ಟು ಗಂಟುಮೂಟೆ ಕಟ್ಟಿ" ಎಂದು ಅಪ್ಪಣೆಯಾಯಿತು, ಅದೂ ಬಾಯಿಂದಲೇ.

"ಮನೆ ತುಂಬ ಮಕ್ಕಳಿದ್ದಾರೆ ನಂಜರಸಯ್ಯ, ನಾನೆಲ್ಲಿಗೆ ಹೋಗಲಿ?" ಎಂದು ಭಟ್ಟರು ಆಸ್ಥಾನದ ವಿದೂಷಕನ ಮುಂದೆ ಕಣ್ಣೀರಿಟ್ಟರು. ನಂಜರಸಯ್ಯನಿಗೆ ಕರುಳು ಚುರುಕ್ ಅಂದಿತು. ನೆಟ್ಟಗೆ ದೊರೆಯ ಹತ್ತಿರ ಹೋದ.

"ಮಹಾಸ್ವಾಮಿ, ಆ ಪದದ ಅರ್ಥವೇನು?"

ದೊರೆ ಉಬ್ಬಿಹೋದರು. "ಗ್ರೀಕರ ಮಾತು. 'ಟೆಲಿ' ಅಂದರೆ ದೂರ. 'ಪಥಿ' ಬಂದದ್ದು 'ಪ್ಯಾಥೋಸ್'ನಿಂದ, ಅಂದರೆ ಅನುಭವ, ನೋವು. ಎರಡನ್ನೂ ಈಚೆಗೆ ಒಬ್ಬ ಇಂಗ್ಲಿಷ್ ಪಂಡಿತ ಗಂಟುಹಾಕಿದ. ಇಲ್ಲಿ ಒಬ್ಬ ಪಟ್ಟದ್ದು ಅಲ್ಲಿದ್ದವನಿಗೆ ಮುಟ್ಟುತ್ತದೆ."

"ಅಜ್ಜಿ ನೆನೆಸಿಕೊಂಡರೆ ಮೊಮ್ಮಗನಿಗೆ ಬಿಕ್ಕಳಿಕೆ ಬಂದ ಹಾಗೆ?"

"ಅದು ಹಳ್ಳಿಯದು. ಇದು ಗ್ರೀಕಿನದು."

"ಅಂದರೆ ಬರೀ ಮಾತಲ್ಲ, ಅನುಭವವೇ ಬರುತ್ತದೆ?"

"ಅನುಭವವೇ."

ನಂಜರಸಯ್ಯ ಕೈಮುಗಿದು ಹೊರಟ. ಅಡುಗೆಮನೆಗೆ ಹೋಗಿ ಎಲೆ ಹಾಕಿಸಿಕೊಂಡು ಕೂತ.

ಇತ್ತ ದೊರೆ ಖಾಲಿ ಎಲೆಯ ಮುಂದೆ ಕಾದರು. ಹೋಳಿಗೆಯ ಘಮ ಬಂತು, ತುಪ್ಪದ ಘಮ ಬಂತು, ಹೋಳಿಗೆ ಬರಲಿಲ್ಲ. ಬಂದವನು ನಂಜರಸಯ್ಯ, ಹೊಟ್ಟೆ ಸವರಿಕೊಂಡು ತೇಗುತ್ತಾ.

"ಮಹಾಸ್ವಾಮಿಗಳ ಹೊಟ್ಟೆ ತುಂಬಿತೇ?"

"ತುಂಬುವುದೇನು, ಹಸಿವಿಗೆ ಕಣ್ಣು ಕತ್ತಲೆ ಬರುತ್ತಿದೆ."

"ಛೆ, ಪ್ರತಿ ತುತ್ತನ್ನೂ ತಮ್ಮನ್ನೇ ನೆನೆದು ನುಂಗಿದೆನಲ್ಲ. ತುಪ್ಪವನ್ನೂ ಬಿಡದೆ ಕಳಿಸಿದೆ. ತಲುಪಲಿಲ್ಲವೇ?"

"ಒಂದು ಚೂರೂ ಇಲ್ಲ."

ನಂಜರಸಯ್ಯ ತಲೆ ಕೆರೆದುಕೊಂಡ. "ಹಾಗಾದರೆ ಪೇಚಿಗೆ ಬಂತು. ತಲುಪದಿದ್ದರೆ ತಪ್ಪು ಪಡೆಯುವವರದು, ಅವರಿಗೆ ಅರಮನೆಯಲ್ಲಿ ಜಾಗವಿಲ್ಲ ಅಂತ ತಮ್ಮದೇ ಅಪ್ಪಣೆ. ಭಟ್ಟರು ಹೇಗೂ ಗಾಡಿ ಹೂಡಿಸಿದ್ದಾರೆ. ತಮಗೂ ಅದರಲ್ಲೇ ಜಾಗ ಮಾಡಿಸಲೇ?"

ದೊರೆಯ ಮೀಸೆ ಅದುರಿತು, ಆಮೇಲೆ ಹೊಟ್ಟೆಯೂ ಕುಣಿಯತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಅರಮನೆಗೆಲ್ಲ ಕೇಳುವಂತೆ ಕೂಗಿದರು: "ಭಟ್ಟರೇ, ಗಾಡಿ ಬಿಚ್ಚಿಸಿ. ಹೋಳಿಗೆ ತನ್ನಿ."

ಶೇಷಭಟ್ಟರು ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡರು. "ಒಂದೂ ಉಳಿದಿಲ್ಲ ಮಹಾಸ್ವಾಮಿ. ಅಷ್ಟನ್ನೂ ನಂಜರಸಯ್ಯನವರು ತಮಗೇ ಕಳಿಸಿಬಿಟ್ಟರು."